ಗಣಕ ಪ್ರಶ್ನೋತ್ತರ: ಕ್ಯಾಶ್‌ನ ದೊಡ್ಡ ಪುಟಗಳು ಮತ್ತು ಕರ್ನಲ್‌ನ ಲೆಕ್ಕಪತ್ರ

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಬೇರೆ ಬೇರೆ ದಿಕ್ಕಿನಿಂದ ಕೇಳಿದ್ದರಿಂದ, ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಬಿಟ್ಟು ಇವಿಷ್ಟಕ್ಕೇ ಉತ್ತರಿಸಿದ್ದೇನೆ.

ಪ್ರಶ್ನೆ: ಸಹಕಾರ ಸಂಘವೊಂದರಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಹೊಣೆ ನನ್ನದು. 16 ಜಿಬಿ ರ‍್ಯಾಮ್ ಇದ್ದರೂ ಸದಾ ತುಂಬಿರುವಂತೆಯೇ ಕಾಣುತ್ತದೆ. ಯಂತ್ರವನ್ನು ಅಳವಡಿಸಿದವರು ಪ್ರತಿ ರಾತ್ರಿ ಕ್ಯಾಶ್ ಖಾಲಿ ಮಾಡುವ ಆಜ್ಞೆಯನ್ನು ಕ್ರಾನ್‌ಗೆ (ನಿಗದಿತ ಹೊತ್ತಿಗೆ ಆಜ್ಞೆಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಗೆ) ಹಾಕಿ ಹೋಗಿದ್ದಾರೆ. ಆದರೂ ಬೆಳಿಗ್ಗೆ ಲೆಕ್ಕದ ತಂತ್ರಾಂಶ ತೆರೆದುಕೊಳ್ಳುವುದು ಬಹಳ ನಿಧಾನ. ಹೊಸ ಕರ್ನಲ್‌ಗಳು (ಲಿನಕ್ಸ್‌ನ ತಿರುಳಿನ ಹೊಸ ಆವೃತ್ತಿಗಳು) ಕ್ಯಾಶ್ ಅನ್ನು ದೊಡ್ಡ ಪುಟಗಳಲ್ಲಿ ಇಡುತ್ತವೆಂದು ಕೇಳಿದ್ದೇನೆ. ಅದರಿಂದ ಈ ತೊಂದರೆ ತೀರುತ್ತದೆಯೇ?
— ಓದುಗರು, ಸಾಗರ

ಉತ್ತರ: ಮೊದಲು ಆ ಕ್ರಾನ್ ಆಜ್ಞೆಯನ್ನು ತೆಗೆದುಹಾಕಿ, ದೊಡ್ಡ ಪುಟಗಳ ಮಾತು ಆಮೇಲೆ. ಡಿಸ್ಕ್‌ನಿಂದ ಒಮ್ಮೆ ಓದಿದ ಕಡತದ ಭಾಗಗಳನ್ನು ಕರ್ನಲ್ ಸುಮ್ಮನೆ ಬಿದ್ದಿರುವ ರ‍್ಯಾಮ್‌ನಲ್ಲಿ ಉಳಿಸಿಕೊಳ್ಳುತ್ತದೆ. ಇದೇ ಪೇಜ್ ಕ್ಯಾಶ್. ಅದೇ ಕಡತವನ್ನು ಮತ್ತೆ ಯಾರಾದರೂ ಕೇಳಿದರೆ ಡಿಸ್ಕ್‌ನ ತಂಟೆಗೆ ಹೋಗದೆ ಅಲ್ಲಿಂದಲೇ ಕೊಡುತ್ತದೆ. ಬೇರೆ ತಂತ್ರಾಂಶಕ್ಕೆ ಮೆಮೊರಿ ಬೇಕಾದಾಗ ಈ ಜಾಗವನ್ನು ತಾನಾಗಿಯೇ ಬಿಟ್ಟುಕೊಡುತ್ತದೆ. ‘ಫ್ರೀ’ ಆಜ್ಞೆ ಕೊಟ್ಟಾಗ ಅದೇ ಹೆಸರಿನ ಕಾಲಂನಲ್ಲಿ ಕಾಣುವ ಸಣ್ಣ ಸಂಖ್ಯೆಗೆ ಗಾಬರಿಯಾಗದೆ ‘ಅವೈಲಬಲ್’ ಎಂಬ ಕಾಲಂ ನೋಡಬೇಕು. ಬಿಟ್ಟುಕೊಡಬಹುದಾದ ಕ್ಯಾಶ್ ಅನ್ನೂ ಸೇರಿಸಿ ಆ ಅಂದಾಜನ್ನು ಕರ್ನಲ್ಲೇ ಲೆಕ್ಕ ಹಾಕಿ ಕೊಡುವ ವ್ಯವಸ್ಥೆ 2014ರ 3.14ನೆಯ ಆವೃತ್ತಿಯಿಂದ ಇದೆ. ರಾತ್ರಿ ಕ್ಯಾಶ್ ಚೆಲ್ಲಿದ ಮೇಲೆ ಬೆಳಿಗ್ಗೆ ಮೊದಲು ತಂತ್ರಾಂಶ ತೆರೆಯುವವರಿಗೆ ಎಲ್ಲವೂ ಹೊಸದಾಗಿ ಡಿಸ್ಕ್‌ನಿಂದಲೇ ಬರಬೇಕಾಗುತ್ತದೆ. ನೀವು ಹೇಳುವ ನಿಧಾನಕ್ಕೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇನ್ನು ದೊಡ್ಡ ಪುಟಗಳ ವಿಷಯ. ನಿಮ್ಮಂಥ ಯಂತ್ರಗಳಲ್ಲಿ ಮೆಮೊರಿಯ ಮೂಲ ಅಳತೆ 4 ಕೆಬಿಯ ಪುಟ. 16 ಜಿಬಿ ಎಂದರೆ ಇಂಥ 41,94,304 ಪುಟಗಳು. ಪ್ರತಿಯೊಂದಕ್ಕೂ ಕರ್ನಲ್ ಸಾಮಾನ್ಯವಾಗಿ 64 ಬೈಟ್‌ನ ಒಂದು ದಾಖಲೆ ಇಟ್ಟಿರುತ್ತದೆ. ಈ ದಾಖಲೆಗಳೇ 256 ಎಂಬಿ ಆಗುತ್ತವೆ. ಪುಟ ಯಾವ ಕಡತದ್ದು, ಅದನ್ನು ಎಷ್ಟು ಜನ ಹಿಡಿದುಕೊಂಡಿದ್ದಾರೆ, ಈಚೆಗೆ ಬಳಕೆಯಾಗಿದೆಯೇ, ತಿದ್ದಲಾಗಿದೆಯೇ, ಬೀಗ ಹಾಕಲಾಗಿದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. 1 ಜಿಬಿಯ ಕಡತವೊಂದನ್ನು ಪೂರ್ತಿ ಓದಿದರೆ 2,62,144 ಸಲ ಪುಟವನ್ನು ಹಂಚಿ, ಕಡತದ ಸೂಚಿಗೆ ಸೇರಿಸಿ, ಬೀಗ ಹಾಕಿ, ಓದು ಮುಗಿದ ಮೇಲೆ ಬೀಗ ತೆಗೆದು, ಬಳಕೆಯ ಪಟ್ಟಿಗೆ ಸೇರಿಸಬೇಕು; ಮುಂದೆ ಜಾಗ ತೆರವು ಮಾಡುವಾಗ ಅಷ್ಟೇ ಸಲ ಇದನ್ನೆಲ್ಲ ಹಿಂದಕ್ಕೆ ಮಾಡಬೇಕು.

ನಮ್ಮ ಕಡೆಯ ಜಮೀನಿನ ದಾಖಲೆಯನ್ನು ನೆನೆಯಿರಿ. ಐದು ಎಕರೆಯ ತೋಟಕ್ಕೆ ಒಂದು ಸರ್ವೆ ನಂಬರು, ಒಂದು ಪಹಣಿ ಇರುವ ಬದಲು ಗುಂಟೆಗೊಂದರಂತೆ ಇನ್ನೂರು ಪಹಣಿಗಳಿದ್ದರೆ, ಬೆಳೆಸಾಲದ ಅರ್ಜಿಗೂ ಖಾತೆ ಬದಲಾವಣೆಗೂ ಇನ್ನೂರು ದಾಖಲೆಗಳನ್ನು ತಿರುವಿ ಹಾಕಬೇಕಾಗುತ್ತಿತ್ತು. ಭೂಮಿ ಅಷ್ಟೇ, ಫಸಲು ಅಷ್ಟೇ, ಕಚೇರಿಯ ಕೆಲಸ ಮಾತ್ರ ಇನ್ನೂರು ಪಟ್ಟು. ಅಕ್ಕಪಕ್ಕದ ಪುಟಗಳನ್ನು ಒಟ್ಟುಗೂಡಿಸಿ ಒಂದೇ ಘಟಕವೆಂದು ನೋಡುವುದೇ ಲಿನಕ್ಸ್‌ನಲ್ಲಿ ಫೋಲಿಯೊ ಎಂಬ ವ್ಯವಸ್ಥೆ. ಜಮೀನಿನಂತೆಯೇ ಇಲ್ಲೂ ಎರಡು ತೊಡಕುಗಳಿವೆ: ಒಟ್ಟುಗೂಡಿಸಲು ಜಾಗ ಒತ್ತಾಗಿ ಸಿಗಬೇಕು, ಮತ್ತು ಒಂದು ಭಾಗ ಮಾತ್ರ ಕೈಬಿಡಬೇಕಾಗಿ ಬಂದಾಗ ಪೋಡಿ ಮಾಡಬೇಕು.

64 ಕೆಬಿಯ ಫೋಲಿಯೊಗಳಲ್ಲಿ ಓದಿದರೆ ಮೇಲಿನ 2,62,144 ಎಂಬುದು 16,384ಕ್ಕೆ ಇಳಿಯುತ್ತದೆ. ಒಂದು ಎಚ್ಚರಿಕೆ: ಇದರಿಂದ ಕೆಲಸದ ಸಂಖ್ಯೆ ಇಳಿಯುತ್ತದೆಯೇ ಹೊರತು ಆ 256 ಎಂಬಿ ಇಳಿಯುವುದಿಲ್ಲ. ಪ್ರತಿ ಪುಟದ ದಾಖಲೆಯೂ ಇದ್ದಲ್ಲೇ ಇರುತ್ತದೆ, ಕರ್ನಲ್ ಮೊದಲನೆಯದನ್ನು ಮಾತ್ರ ಓದುತ್ತದೆ. ಆ ಜಾಗವನ್ನೂ ಉಳಿಸುವ ಕೆಲಸ ಕರ್ನಲ್ ಅಭಿವೃದ್ಧಿಯಲ್ಲಿ ಪ್ರತ್ಯೇಕವಾಗಿ ನಡೆಯುತ್ತಿದೆ.

ಪ್ರಶ್ನೆ: ಪುಟ ಚಿಕ್ಕದಾಗಿರುವುದೇ ತೊಂದರೆಯಾದರೆ ಮೂಲ ಪುಟವನ್ನೇ 64 ಕೆಬಿ ಮಾಡಿಬಿಡಬಹುದಿತ್ತಲ್ಲವೇ? ಫೋಲಿಯೊ ಎಂಬ ಹೊಸ ವ್ಯವಸ್ಥೆ ಏಕೆ ಬೇಕಾಯಿತು? ಅದರ ಗಾತ್ರವನ್ನು ಕರ್ನಲ್ ಹೇಗೆ ನಿರ್ಧರಿಸುತ್ತದೆ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನು ಹಲವು ಸಂಸ್ಥೆಗಳೂ ಕೇಳಿಕೊಂಡಿದ್ದವು, ಕೆಲವು ಪ್ರಯೋಗ ಮಾಡಿ ಹಿಂದಕ್ಕೂ ಬಂದವು. ಎಕ್ಸ್86 (ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ) ಯಂತ್ರಗಳ ಯಂತ್ರಾಂಶ 4 ಕೆಬಿ, 2 ಎಂಬಿ ಮತ್ತು 1 ಜಿಬಿ ಪುಟಗಳನ್ನು ಮಾತ್ರ ಬಲ್ಲದು. 64 ಬಿಟ್ ಆರ್ಮ್ ಪ್ರೊಸೆಸರ್‌ಗಳ ವಿನ್ಯಾಸದಲ್ಲಿ 4, 16, 64 ಕೆಬಿ ಮೂರಕ್ಕೂ ಅವಕಾಶವಿದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಆರ್ಮ್ ಯಂತ್ರಗಳಿಗೆ 8ನೆಯ ಆವೃತ್ತಿಯವರೆಗೆ 64 ಕೆಬಿ ಪುಟವನ್ನೇ ಬಳಸಿ, 9ನೆಯ ಆವೃತ್ತಿಯಲ್ಲಿ 4 ಕೆಬಿಗೆ ಮರಳಿತು. ಚಿಕ್ಕ ಕಡತಗಳನ್ನು ಲೆಕ್ಕ ಹಾಕಿ ನೋಡಿದರೆ ಇದರ ಹಿಂದಿನ ಚಿಂತೆ ಅರ್ಥವಾಗುತ್ತದೆ. ಲಿನಕ್ಸ್ ಕರ್ನಲ್‌ನ ಮೂಲಸಂಕೇತದಲ್ಲಿ 70 ಸಾವಿರಕ್ಕೂ ಹೆಚ್ಚು ಕಡತಗಳಿವೆ. ಒಂದೊಂದಕ್ಕೂ ಕಡಿಮೆಯೆಂದರೆ ಒಂದು ಪುಟ ಬೇಕು. ಪುಟ 64 ಕೆಬಿಯದಾದರೆ ಅವನ್ನೆಲ್ಲ ಕ್ಯಾಶ್‌ನಲ್ಲಿ ಇಡಲು 4 ಜಿಬಿಗೂ ಹೆಚ್ಚು ಮೆಮೊರಿ ಮುಗಿಯುತ್ತದೆ, ಕಡತ ಒಂದೇ ಕೆಬಿಯದಾಗಿದ್ದರೂ ಸರಿಯೇ. ಆದ್ದರಿಂದ ಗಾತ್ರ ಎಲ್ಲರಿಗೂ ಒಂದೇ ಇರಬಾರದು, ಕಡತಕ್ಕೂ ಅದರ ಬಳಕೆಗೂ ತಕ್ಕಂತೆ ಬದಲಾಗಬೇಕು ಎಂಬ ನಿಲುವಿಗೆ ಬರಬೇಕಾಯಿತು.

ಈ ಒತ್ತಡ ಈಚಿನ ವರ್ಷಗಳಲ್ಲಿ ಏಕೆ ಹೆಚ್ಚಾಯಿತೆಂದರೆ, ಡಿಸ್ಕ್ ವೇಗವಾಯಿತು. ಸೆಕೆಂಡಿಗೆ 4 ಜಿಬಿ ಓದಬಲ್ಲ ಎನ್‌ವಿಎಂಇ ಡ್ರೈವ್‌ನಿಂದ (ವೇಗದ ಬಗೆಯ ಎಸ್‌ಎಸ್‌ಡಿಯಿಂದ) 4 ಕೆಬಿ ಪುಟಗಳಲ್ಲಿ ಓದುವುದಾದರೆ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳು ಬರುತ್ತವೆ. ಒಂದು ಪುಟದ ಎಲ್ಲ ಲೆಕ್ಕಪತ್ರಕ್ಕೂ ಒಂದು ಮೈಕ್ರೊಸೆಕೆಂಡಿಗಿಂತ ಕಡಿಮೆ ಸಮಯ. ಡಿಸ್ಕ್‌ಗಾಗಿ ಕರ್ನಲ್ ಕಾಯುತ್ತಿದ್ದ ಕಾಲ ಹೋಗಿ, ಕರ್ನಲ್‌ಗಾಗಿ ಡಿಸ್ಕ್ ಕಾಯುವ ಕಾಲ ಬಂತು.

ದೊಡ್ಡ ಪುಟ ಎಂಬುದು ಮೊದಲೂ ಇತ್ತು. ಆಂಡ್ರಿಯಾ ಆರ್ಕಾಂಜೆಲಿ ಅವರ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ವ್ಯವಸ್ಥೆ 2011ರಲ್ಲಿ 2.6.38ನೆಯ ಕರ್ನಲ್‌ಗೆ ಸೇರಿತು. ಆದರೆ ಅದು ತಂತ್ರಾಂಶಗಳ ಸ್ವಂತ ಮೆಮೊರಿಗೆ ಸಂಬಂಧಿಸಿದ್ದು. ಡಿಸ್ಕ್‌ನ ಕಡತಗಳ ಕ್ಯಾಶ್‌ಗಲ್ಲ. ಗಾತ್ರವೂ ಎಕ್ಸ್86ರಲ್ಲಿ 2 ಎಂಬಿ ಒಂದೇ: ಇದ್ದರೆ 512 ಪುಟ, ಇಲ್ಲದಿದ್ದರೆ ಒಂದೇ ಪುಟ. ಅದರ ಒಳಗಿನ ರಚನೆಯಲ್ಲೂ ಒಂದು ಗೊಂದಲವಿತ್ತು. ಒಟ್ಟುಗೂಡಿಸಿದ ಪುಟಗಳಲ್ಲಿ ಮೊದಲನೆಯದು ತಲೆ, ಉಳಿದವು ಬಾಲ; ನಿಜವಾದ ವಿವರವೆಲ್ಲ ತಲೆಯಲ್ಲಿ. ಕರ್ನಲ್‌ನ ಯಾವುದೇ ಫಂಕ್ಷನ್ನಿಗೆ ಒಂದು ಪುಟದ ಪಾಯಿಂಟರ್ (ವಿಳಾಸ) ಬಂದರೆ, ಅದು ತಲೆಯೋ ಬಾಲವೋ ಒಂಟಿ ಪುಟವೋ ಎಂದು ಆ ಫಂಕ್ಷನ್ನಿಗೆ ತಿಳಿಯದು. ಹಾಗಾಗಿ ಹೆಜ್ಜೆಹೆಜ್ಜೆಗೂ ತಲೆಯನ್ನು ಹುಡುಕುವ ಪರೀಕ್ಷೆ ನಡೆಯುತ್ತಿತ್ತು. ಪರೀಕ್ಷೆ ಮರೆತಲ್ಲಿ ದೋಷ, ಮರೆಯದಲ್ಲಿ ವ್ಯರ್ಥ ಶ್ರಮ.

ಮ್ಯಾಥ್ಯೂ ವಿಲ್‌ಕಾಕ್ಸ್ ಅವರು ರೂಪಿಸಿದ ಫೋಲಿಯೊ, ಮೂಲತಃ, ಎಂದಿಗೂ ಬಾಲವಾಗಿರದ ಪುಟಕ್ಕೆ ಕೊಟ್ಟ ಪ್ರತ್ಯೇಕ ಟೈಪ್ (ದತ್ತಾಂಶದ ಬಗೆ). ಫಂಕ್ಷನ್ ಫೋಲಿಯೊವನ್ನು ಪಡೆಯುತ್ತದೆ ಎಂದರೆ ಅದು ಇಡೀ ಘಟಕದ ಮೇಲೆ ಕೆಲಸ ಮಾಡುತ್ತದೆ ಎಂದು ಕಂಪೈಲರೇ ಖಾತರಿ ಕೊಡುತ್ತದೆ. 2021ರಲ್ಲಿ ಇದರ ಬಗ್ಗೆ ದೀರ್ಘ ವಾದವೇ ನಡೆದು, 5.15ಕ್ಕೆ ಸೇರದೆ, 2022ರ ಜನವರಿಯಲ್ಲಿ ಬಿಡುಗಡೆಯಾದ 5.16ಕ್ಕೆ ಸೇರಿತು. ಇದೇ ಆಲೋಚನೆಯ ಹಿಂದಿನ, ಅಷ್ಟೇನೂ ಹದಗೊಳಿಸದ ರೂಪದಲ್ಲೇ ಕರ್ನಲ್ ಕಂಪೈಲ್ ಮಾಡುವ ಕೆಲಸ 7% ವೇಗ ಪಡೆದಿತ್ತೆಂದು ವಿಲ್‌ಕಾಕ್ಸ್ ಆಗ ತಿಳಿಸಿದ್ದರು. ವೇಗದ ಅಂಕಿಗಳಿಗಿಂತ ಈ ಟೈಪ್‌ನ ಸ್ಪಷ್ಟತೆಯೇ ದೊಡ್ಡ ಗಳಿಕೆ ಎಂಬುದು ನನ್ನ ಎಣಿಕೆ. ಯಾವ ಸಂಕೇತ ಇಡೀ ಘಟಕವನ್ನು ಮುಟ್ಟುತ್ತದೆ, ಯಾವುದು ಒಂದೇ ಪುಟವನ್ನು ಮುಟ್ಟುತ್ತದೆ ಎಂಬುದು ಬೇರೆಯಾಗಿ ಕಾಣದಿದ್ದರೆ ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ಹತ್ತಾರು ಫೈಲ್ ಸಿಸ್ಟಂಗಳಿಗೆ ಈ ಸೌಲಭ್ಯವನ್ನು ಧೈರ್ಯವಾಗಿ ಒದಗಿಸಲು ಆಗುತ್ತಿರಲಿಲ್ಲ.

ಗಾತ್ರ ನಿರ್ಧಾರವಾಗುವ ರೀತಿ ಸೊಗಸಾಗಿದೆ. ಕಡತವನ್ನು ಸಾಲಾಗಿ ಓದುತ್ತಿದ್ದೀರೆಂದು ಕಂಡಾಗ ಕರ್ನಲ್ ಮುಂದಿನ ಭಾಗವನ್ನು ನೀವು ಕೇಳುವ ಮೊದಲೇ ತಂದಿಡುತ್ತದೆ. ಇದು ಹಳೆಯ ರೀಡ್‌ಅಹೆಡ್ ತಂತ್ರ. ಹಾಗೆ ತಂದಿಟ್ಟದ್ದು ನಿಜಕ್ಕೂ ಬಳಕೆಯಾದರೆ ಮುಂದಿನ ಫೋಲಿಯೊವನ್ನು ನಾಲ್ಕು ಪಟ್ಟು ದೊಡ್ಡದಾಗಿಸುವ ಕ್ರಮವನ್ನು 5.18ರಲ್ಲಿ ಅದಕ್ಕೆ ಜೋಡಿಸಲಾಯಿತು: 4 ಕೆಬಿ, 16 ಕೆಬಿ, 64 ಕೆಬಿ, ಹೀಗೆ. ಎಲ್ಲೆಲ್ಲೋ ಹಾರಿ ಓದುವ ತಂತ್ರಾಂಶಕ್ಕೆ ಈ ಏರಿಕೆ ಸಿಗುವುದಿಲ್ಲ, ಸಿಗಲೂಬಾರದು. ರೀಡ್‌ಅಹೆಡ್ ಕಿಟಕಿಗಿಂತ, ಎಂದರೆ ಒಮ್ಮೆಗೆ ಮುಂದಾಗಿ ತಂದಿಡುವ ಮೊತ್ತಕ್ಕಿಂತ, ಫೋಲಿಯೊ ದೊಡ್ಡದಾಗದು. ಆ ಕಿಟಕಿ ಸಾಮಾನ್ಯವಾಗಿ 128 ಕೆಬಿ ಇರುವುದರಿಂದ ಅದನ್ನು ಹಿಗ್ಗಿಸದೆ ಇನ್ನೂ ದೊಡ್ಡ ಫೋಲಿಯೊ ನಿರೀಕ್ಷಿಸುವುದು ವ್ಯರ್ಥ. ಬರೆಯುವ ದಾರಿಯಲ್ಲಿ, ಒಮ್ಮೆಗೆ ಬರೆಯುವ ಮೊತ್ತಕ್ಕೆ ತಕ್ಕ ಫೋಲಿಯೊ ಮಾಡುವ ಕ್ರಮ ಎಕ್ಸ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಂಗಳಿಗೆ 6.6ರಲ್ಲಿ ಬಂತು.

ಒತ್ತಾದ ಜಾಗ ಸಿಗದಿದ್ದರೆ ಕರ್ನಲ್ ಹಟ ಹಿಡಿಯದೆ ಚಿಕ್ಕ ಗಾತ್ರಕ್ಕೆ ಇಳಿಯುತ್ತದೆ. ದಿನಗಟ್ಟಲೆ ಓಡಿದ ಯಂತ್ರದಲ್ಲಿ ಮೆಮೊರಿ ಚೂರುಚೂರಾಗಿರುವುದು ಸಹಜ. ಚದುರಿದ ಪುಟಗಳನ್ನು ಸರಿಸಿ ಒಂದೆಡೆ ಸೇರಿಸುವ ಕಾಂಪ್ಯಾಕ್ಷನ್ ವ್ಯವಸ್ಥೆಯನ್ನು ಮೆಲ್ ಗೋರ್ಮನ್ 2010ರಲ್ಲೇ 2.6.35ಕ್ಕೆ ಸೇರಿಸಿದ್ದರೂ ಅದು ಪುಕ್ಕಟೆಯಲ್ಲ. ಇಲ್ಲೊಂದು ಸ್ವಾರಸ್ಯವಿದೆ. ಕ್ಯಾಶ್‌ನ ಬಹುಪಾಲು ದೊಡ್ಡ ಫೋಲಿಯೊಗಳಲ್ಲೇ ಇದ್ದರೆ, ಅದನ್ನು ತೆರವು ಮಾಡಿದಾಗ ಸಿಗುವ ಜಾಗವೂ ದೊಡ್ಡ ತುಂಡುಗಳಲ್ಲೇ ಸಿಗುತ್ತದೆ. ಅಂದರೆ ಬಳಕೆ ಹೆಚ್ಚಿದಷ್ಟೂ ಈ ತೊಡಕು ಕಡಿಮೆಯಾಗಬೇಕು.

ಪೂರ್ತಿ ಬಗೆಹರಿಯದ ತೊಡಕೆಂದರೆ ತೆರವಿನ ನಿರ್ಧಾರ. ಈಚೆಗೆ ಬಳಕೆಯಾಯಿತೇ ಎಂಬ ಗುರುತು ಇಡೀ ಫೋಲಿಯೊಗೆ ಒಂದೇ. 256 ಕೆಬಿಯ ಫೋಲಿಯೊದಲ್ಲಿ ಒಂದು ಮೂಲೆಯ 4 ಕೆಬಿಯನ್ನು ಮಾತ್ರ ಪದೇಪದೇ ಓದುತ್ತಿದ್ದರೂ ಉಳಿದ 252 ಕೆಬಿ ಅದರ ನೆರಳಲ್ಲಿ ರ‍್ಯಾಮ್‌ನಲ್ಲೇ ಕುಳಿತಿರುತ್ತದೆ. ಹಾಗೆಂದು ಒಡೆಯಲು ಹೋದರೆ ಅದಕ್ಕೂ ಖರ್ಚಿದೆ. ಮೊದಲು 2 ಎಂಬಿಯ ಘಟಕದಲ್ಲಿ ಒಂದು ಪುಟವನ್ನು ಬೇರ್ಪಡಿಸಬೇಕೆಂದರೂ ಅದು 512 ಚೂರಾಗುತ್ತಿತ್ತು. ಜಿ ಯಾನ್ ಅವರ ಕೆಲಸದಿಂದ 6.9ರಲ್ಲಿ ಬೇಕಾದ ಕೆಳಗಿನ ಗಾತ್ರಕ್ಕೆ ಒಡೆಯುವುದು ಸಾಧ್ಯವಾಯಿತು. 6.15ರಲ್ಲಿ ಬೇಕಾದ ಕಡೆಯ ಅರ್ಧವನ್ನು ಮಾತ್ರ ಮತ್ತೆ ಮತ್ತೆ ಅರ್ಧ ಮಾಡುತ್ತ ಹೋಗುವ ಕ್ರಮ ಬಂತು. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ: 1 ಎಂಬಿ, 512 ಕೆಬಿ, 256 ಕೆಬಿ ಎಂದು ಇಳಿಯುತ್ತ ಕೊನೆಗೆ 4 ಕೆಬಿಯ ಎರಡು ತುಂಡುಗಳಿಗೆ ನಿಂತರೆ ಒಟ್ಟು ಹತ್ತೇ ತುಂಡುಗಳು. ಕರ್ನಲ್ ಮೂಲಸಂಕೇತದ ‘ಎಂಎಂ’ ಡೈರೆಕ್ಟರಿಯಲ್ಲಿ ರೀಡ್‌ಅಹೆಡ್ ಮತ್ತು ಫೈಲ್‌ಮ್ಯಾಪ್ ಎಂಬ ಎರಡು ಕಡತಗಳಿವೆ. ಸಿ ಭಾಷೆ ಬಲ್ಲ ನಿಮಗೆ ಮೊದಲನೆಯದು ಒಂದು ವಾರಾಂತ್ಯದ ಓದು, ಎರಡನೆಯದಕ್ಕೆ ತಾಳ್ಮೆ ಬೇಕು.

ಪ್ರಶ್ನೆ: ಡೇಟಾಬೇಸ್‌ಗಳ ಕೈಪಿಡಿಗಳು ಹ್ಯೂಜ್ ಪೇಜ್ ಅನ್ನು ನಿಲ್ಲಿಸಿ ಎನ್ನುತ್ತವೆ, ನೀವು ದೊಡ್ಡ ಪುಟ ಒಳ್ಳೆಯದೆನ್ನುತ್ತೀರಿ. ಯಾವುದನ್ನು ನಂಬಬೇಕು?
— ತಂತ್ರಾಂಶ ಉದ್ಯೋಗಿ, ತೀರ್ಥಹಳ್ಳಿ

ಉತ್ತರ: ಎರಡೂ ಬೇರೆ ಬೇರೆ ಮೆಮೊರಿಯ ಮಾತು. ಕೈಪಿಡಿಗಳು ಹೇಳುವುದು ತಂತ್ರಾಂಶದ ಸ್ವಂತ ಮೆಮೊರಿಯ 2 ಎಂಬಿ ಪುಟಗಳ ಬಗ್ಗೆ. ರೆಡಿಸ್ ಎಂಬ ಡೇಟಾಬೇಸ್ ತನ್ನ ದತ್ತಾಂಶವನ್ನು ಡಿಸ್ಕ್‌ಗೆ ಉಳಿಸುವಾಗ ಫೋರ್ಕ್ ಮಾಡಿ ಒಂದು ಮರಿ ಪ್ರಕ್ರಿಯೆಯನ್ನು ಹುಟ್ಟಿಸುತ್ತದೆ. ಎರಡೂ ಅವೇ ಪುಟಗಳನ್ನು ಹಂಚಿಕೊಂಡಿರುವುದರಿಂದ, ಆಮೇಲೆ ಮೂಲ ಪ್ರಕ್ರಿಯೆ ಒಂದು ಬೈಟ್ ತಿದ್ದಿದರೂ ಅದಿರುವ ಪುಟದ ನಕಲು ಮಾಡಬೇಕಾಗುತ್ತದೆ. ಪುಟ 4 ಕೆಬಿಯ ಬದಲು 2 ಎಂಬಿಯದಾದರೆ ನಕಲಿನ ಭಾರವೂ ಹೆಚ್ಚು, ಉತ್ತರ ಬರುವುದೂ ತಡ. ಆದ್ದರಿಂದ ಅವರ ಸಲಹೆ ಸರಿಯಾದದ್ದೇ. ಎಲ್ಲ ಡೇಟಾಬೇಸ್‌ಗಳೂ ಒಂದೇ ಮಾತು ಹೇಳುವುದಿಲ್ಲ ಎಂಬುದನ್ನೂ ಗಮನಿಸಿ: ಬಹುಕಾಲ ನಿಲ್ಲಿಸಿ ಎನ್ನುತ್ತಿದ್ದ ಮಾಂಗೊಡಿಬಿ, ತನ್ನ ಮೆಮೊರಿ ಹಂಚಿಕೆಯ ಕ್ರಮವನ್ನು ಬದಲಿಸಿಕೊಂಡ ಮೇಲೆ, 8.0ನೆಯ ಆವೃತ್ತಿಯಿಂದ ಚಾಲೂ ಇಡಿ ಎನ್ನುತ್ತದೆ.

ಇಲ್ಲಿ ಚರ್ಚಿಸುತ್ತಿರುವುದು ಡಿಸ್ಕ್‌ನ ಕಡತಗಳ ಕ್ಯಾಶ್. ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್‌ನ ಹೊಂದಿಕೆಯನ್ನು ‘ನೆವರ್’ಗೆ (ಎಂದಿಗೂ ಬೇಡ ಎಂಬುದಕ್ಕೆ) ತಿರುಗಿಸಿದರೂ ಎಕ್ಸ್‌ಎಫ್‌ಎಸ್‌ನ ಕ್ಯಾಶ್ ದೊಡ್ಡ ಫೋಲಿಯೊಗಳನ್ನು ಬಳಸುವುದನ್ನು ನಿಲ್ಲಿಸುವುದಿಲ್ಲ. ಡೈರೆಕ್ಟ್ ಐಒ ಮೂಲಕ, ಕ್ಯಾಶ್ ಅನ್ನು ಬಳಸದೆ ನೇರವಾಗಿ ಡಿಸ್ಕ್‌ನಿಂದಲೇ ಓದಿ ಬರೆಯುವ ಡೇಟಾಬೇಸ್ ನಿಮ್ಮದಾದರೆ, ಅದರ ದತ್ತಾಂಶದ ಓದು ಬರಹಕ್ಕೆ ಈ ಸುಧಾರಣೆಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಪ್ರಶ್ನೆ: ನಮ್ಮ ಶಾಲೆಯ ಗಣಕಗಳು ಹಳೆಯವು: 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಕ್ಯಾಶ್‌ನ ಪುಟ ದೊಡ್ಡದಾದರೆ ಕರೆಂಟ್ ಹೋದಾಗ ನಷ್ಟವೂ ದೊಡ್ಡದಾಗುವುದಿಲ್ಲವೇ?
— ಶಿಕ್ಷಕರು, ಹೊಸನಗರ

ಉತ್ತರ: ಒಳ್ಳೆಯ ಸಂದೇಹ. ಬರೆದದ್ದು ಕೂಡಲೇ ಡಿಸ್ಕ್‌ಗೆ ಹೋಗುವುದಿಲ್ಲ ಎಂಬುದು ನಿಜ. ಕರ್ನಲ್‌ನ ಸಾಮಾನ್ಯ ಹೊಂದಿಕೆಯಲ್ಲಿ ತಿದ್ದಿದ ಪುಟವೊಂದು 30 ಸೆಕೆಂಡ್ ಹಳೆಯದಾದ ಮೇಲೆ ಬರೆಯಲು ಅರ್ಹವಾಗುತ್ತದೆ, ಅಂಥವನ್ನು ಹುಡುಕುವ ಕೆಲಸ 5 ಸೆಕೆಂಡಿಗೊಮ್ಮೆ ನಡೆಯುತ್ತದೆ. ಈ ಅವಧಿಗಳು ಪುಟದ ಗಾತ್ರವನ್ನು ಅವಲಂಬಿಸಿಲ್ಲ. ಬರೆದದ್ದು ಡಿಸ್ಕ್ ಸೇರುವವರೆಗೆ ಕಾಯುವ ಎಫ್‌ಸಿಂಕ್ ಕರೆಯನ್ನು ತಂತ್ರಾಂಶ ಮಾಡಿದ್ದರೆ ಆ ದತ್ತಾಂಶ ಉಳಿಯುತ್ತದೆ, ಮಾಡದಿದ್ದರೆ ಪುಟ ಚಿಕ್ಕದಿದ್ದರೂ ಹೋಗುತ್ತದೆ.

ಗಾತ್ರದಿಂದ ಆಗುತ್ತಿದ್ದ ತೊಂದರೆ ಬೇರೆಯದು. ತಿದ್ದಲಾಗಿದೆ ಎಂಬ ಗುರುತು ಇಡೀ ಘಟಕಕ್ಕೆ ಒಂದೇ ಇದ್ದಾಗ, 4 ಕೆಬಿ ತಿದ್ದಿದರೂ 64 ಕೆಬಿಯನ್ನು ಡಿಸ್ಕ್‌ಗೆ ಬರೆಯಬೇಕಾಗುತ್ತಿತ್ತು. ಘಟಕದೊಳಗಿನ ಪ್ರತಿ ಬ್ಲಾಕ್‌ಗೂ (ಫೈಲ್ ಸಿಸ್ಟಂ ಬಳಸುವ ಚಿಕ್ಕ ತುಂಡಿಗೂ) ಬೇರೆ ಗುರುತು ಇಡುವ ಸುಧಾರಣೆಯನ್ನು ರಿತೇಶ್ ಹರ್ಜಾನಿ ಅವರು 6.6ಕ್ಕೆ ಸೇರಿಸಿದರು. 64 ಕೆಬಿ ಪುಟದ, ಐಬಿಎಂನ ಪವರ್ ಎಂಬ ಪ್ರೊಸೆಸರ್ ಇರುವ ಯಂತ್ರದಲ್ಲಿ, 4 ಕೆಬಿ ಬ್ಲಾಕ್‌ನ ಎಕ್ಸ್‌ಎಫ್‌ಎಸ್ ಮೇಲೆ ಅವರು ನಡೆಸಿದ ಒಂದು ಪರೀಕ್ಷೆಯಲ್ಲಿ ಬರೆಯುವ ವೇಗ ಸೆಕೆಂಡಿಗೆ ಸುಮಾರು 28 ಎಂಬಿಯಿಂದ 452 ಎಂಬಿಗೆ, ಎಂದರೆ ಸುಮಾರು 16 ಪಟ್ಟು ಏರಿತು. 64ನ್ನು 4ರಿಂದ ಭಾಗಿಸಿದರೂ ಬರುವುದು ಅದೇ 16. ವ್ಯರ್ಥವಾಗಿ ಬರೆಯುತ್ತಿದ್ದುದು ಎಷ್ಟೆಂದು ಇದರಿಂದಲೇ ತಿಳಿಯುತ್ತದೆ.

ನಿಮ್ಮ ಶಾಲೆಯ ಯಂತ್ರಗಳಿಗೆ ಇದರಿಂದ ಕಾಣುವಂಥ ಲಾಭ ಆಗದು. ತಿರುಗುವ ಡಿಸ್ಕ್‌ನ ಮುಳ್ಳು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲು ಹಲವು ಮಿಲಿಸೆಕೆಂಡ್ ಬೇಕು. ಅದರ ಮುಂದೆ ಕರ್ನಲ್ ಉಳಿಸುವ ಮೈಕ್ರೊಸೆಕೆಂಡ್‌ಗಳು ಲೆಕ್ಕಕ್ಕಿಲ್ಲ. ಹಣವಿದ್ದರೆ ಮೊದಲು ಒಂದು ಯುಪಿಎಸ್, ಆಮೇಲೆ ಎಸ್‌ಎಸ್‌ಡಿ ತರಿಸಿ.

ಪ್ರಶ್ನೆ: ನನ್ನ ಗಣಕದಲ್ಲಿ ಈ ಸೌಲಭ್ಯ ಇದೆಯೇ ಎಂದು ತಿಳಿಯುವುದು ಹೇಗೆ? ಇಲ್ಲದಿದ್ದರೆ ಫೈಲ್ ಸಿಸ್ಟಂ ಬದಲಿಸಬೇಕೇ?
— ಓದುಗರು, ಕೊಪ್ಪ

ಉತ್ತರ: ಎರಡು ಸಂಗತಿ ನೋಡಿಕೊಳ್ಳಿ: ಕರ್ನಲ್‌ನ ಆವೃತ್ತಿ ಮತ್ತು ಫೈಲ್ ಸಿಸ್ಟಂ. ಎಕ್ಸ್‌ಎಫ್‌ಎಸ್ ಆದರೆ 2022ರ 5.18ರಿಂದ ಇದೆ. ಎಕ್ಸ್‌ಟಿ4ರ ಸಾಮಾನ್ಯ ಕಡತಗಳಿಗೆ ಬಂದದ್ದು 2025ರ ಜುಲೈನ 6.16ರಲ್ಲಿ. ಉಬುಂಟು 24.04 ಬಿಡುಗಡೆಯಾದಾಗ ಇದ್ದ ಕರ್ನಲ್ 6.8, ಡೆಬಿಯನ್ 13ರದು 6.12, ಎರಡರಲ್ಲೂ ತಾನಾಗಿ ಬರುವ ಫೈಲ್ ಸಿಸ್ಟಂ ಎಕ್ಸ್‌ಟಿ4. ಆದ್ದರಿಂದ ಆ ಕರ್ನಲ್‌ಗಳಲ್ಲೇ ಉಳಿದವರಿಗೆ ಇದು ಇನ್ನೂ ಸಿಕ್ಕಿಲ್ಲ.

ಇದೊಂದಕ್ಕಾಗಿ ಡಿಸ್ಕ್ ಅನ್ನು ಫಾರ್ಮ್ಯಾಟ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡ ಕಡತಗಳನ್ನು ಸಾಲಾಗಿ ಓದುವ ಕೆಲಸ, ಉದಾಹರಣೆಗೆ ವಿಡಿಯೊ ಸಂಕಲನ ಅಥವಾ ದೊಡ್ಡ ಬ್ಯಾಕಪ್, ದಿನವೂ ನಡೆಯುವುದಾದರೆ, ‘ಪರ್ಫ್’ ಉಪಕರಣವನ್ನು ಓಡಿಸಿ ಪೇಜ್ ಕ್ಯಾಶ್‌ನ ಫಂಕ್ಷನ್‌ಗಳಲ್ಲಿ ಪ್ರೊಸೆಸರ್‌ನ ಸಮಯ ಎಷ್ಟು ಹೋಗುತ್ತಿದೆ ಎಂದು ಮೊದಲು ಅಳೆಯಿರಿ. ಅದು ಶೇಕಡಾ ಒಂದೆರಡು ಮಾತ್ರ ಎಂದಾದರೆ ನಿಮ್ಮ ಲಿನಕ್ಸ್ ವಿತರಣೆಯ (ಉಬುಂಟು, ಡೆಬಿಯನ್ ಇತ್ಯಾದಿ) ಮುಂದಿನ ಆವೃತ್ತಿ ಬರುವವರೆಗೆ ಕಾಯಿರಿ. ಅದರ ಕರ್ನಲ್ 6.16 ಅಥವಾ ಹೊಸದಾಗಿದ್ದರೆ, ಈಗಿರುವ ಎಕ್ಸ್‌ಟಿ4ರ ಮೇಲೆಯೇ ದೊಡ್ಡ ಫೋಲಿಯೊಗಳು ಬಳಕೆಗೆ ಬರುತ್ತವೆ.